ಪುಂಡಿಪಲ್ಯದ ಡಬ್ಬಿ

ಸುನಂದಾಳಿಗೆ ತಮ್ಮನ ಹೆಂಡತಿ ನಾಗರತ್ನಾಳನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ದೇವದುರ್ಗದ ಅವಳ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಹೆತ್ತವಳು ತನ್ನ ಅವ್ವ, ಹೆಸರು ಮಾತ್ರ ಸೊಸೆಗೆ! ಅವ್ವ ಬಸವಂತಮ್ಮ ತೀರಿಕೊಂಡ ದಿನ ಮಾನ್ವಿಯ ತವರುಮನೆಗೆ ಬಂದವರೆಲ್ಲ ನಾಗರತ್ನಾಳ ಕೈ ಹಿಡಿದೇ ಅತ್ತಿದ್ದರು. ಪಕ್ಕದ ಮನೆಯ ಖಾಸಿಂ ಬೀಯಂತೂ ಸುನಂದಾಳ ಎದುರಿಗೇ, "ಸೊಸಿ ಅಲ್ಲವ್ವ ಇಕಿ, ಮಗಳು" ಎಂದುಬಿಟ್ಟಿದ್ದಳು. ಹಾಗಾದರೆ ತಾನು ಯಾರು? ವರ್ಷ ಕಳೆದರೂ ಆ ಮಾತು ಕಾಲಲ್ಲಿ ಮುರಿದ ಜಾಲಿಮುಳ್ಳಿನ ಹಾಗೆ ಕುಕ್ಕುತ್ತಲೇ ಇತ್ತು.

ಇವತ್ತು ವರ್ಷದ ಪುಣ್ಯತಿಥಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನೇ ಮಾಡಿ ಫೋಟೋದ ಮುಂದೆ ಎಡೆ ಇಡುವುದು ಅವರ ಮನೆತನದ ಪದ್ಧತಿ. ಸುನಂದಾ ಕಾದದ್ದೇ ಇದಕ್ಕೆ. ಅವ್ವನ ಇಷ್ಟ ಹೊಟ್ಟೆಯಲ್ಲಿ ಹುಟ್ಟಿದವಳಿಗಲ್ಲದೆ ಬೇರೆ ಯಾರಿಗೆ ತಿಳಿದೀತು? ನಸುಕಿಗೇ ಎದ್ದು ಪುಂಡಿಸೊಪ್ಪು ಕುದಿಸಿ, ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಡಬ್ಬಿ ತುಂಬಿಕೊಂಡು ಮಾನ್ವಿ ಬಸ್ಸು ಹತ್ತಿದಳು. ಅವ್ವ ದೇವದುರ್ಗಕ್ಕೆ ಬಂದಾಗಲೆಲ್ಲ ಈ ಹುಳಿಪಲ್ಯವನ್ನು ಬಟ್ಟಲು ಬಳಿದು ತಿನ್ನುತ್ತಿದ್ದಳು. "ನಿನ್ನ ಕೈರುಚಿ ಯಾರಿಗೂ ಬರಂಗಿಲ್ಲ ಬಿಡು" ಎನ್ನುತ್ತಿದ್ದಳು. ಯಾರಿಗೂ ಅಂದರೆ ನಾಗರತ್ನಾಳಿಗೂ ಇಲ್ಲ ಎಂದೇ ಸುನಂದಾ ಅರ್ಥ ಮಾಡಿಕೊಂಡಿದ್ದಳು.

ಮಾನ್ವಿಯ ಮನೆಯಲ್ಲಿ, ರಾಯಚೂರಿನಿಂದ ಕಟ್ಟು ಹಾಕಿಸಿ ತಂದ ಫೋಟೋದ ಮುಂದೆ ಬಾಳೆಲೆ ಹಾಸಿತ್ತು. ಅದರ ಮೇಲೆ ಸಜ್ಜಕ, ಹೆಸರುಬೇಳೆ, ಹಾಲು ಅನ್ನ. ಹುಳಿಯೂ ಇಲ್ಲ, ಖಾರವೂ ಇಲ್ಲ. ಸುನಂದಾಳಿಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈಕೆ ಅತ್ತೆಯನ್ನು ತಿಳಿದದ್ದು ಇಷ್ಟೇ!

"ಇದೇನಬೇ, ಬಾಣಂತಿಗೆ ಇಟ್ಟಂಗ ಇಟ್ಟೀದಿ? ಸರಿ ಅತ್ತಾಗ. ಅವ್ವಗ ಇದು ಬೇಕು" ಎಂದು ಡಬ್ಬಿ ಬಿಚ್ಚಿದಳು.

ನಾಗರತ್ನಾ ಡಬ್ಬಿಗೆ ಕೈ ಅಡ್ಡ ಇಟ್ಟಳು. "ಅಕ್ಕಾರ, ಇದನ್ನ ಇಡಬ್ಯಾಡ್ರಿ. ಅತ್ತೆವ್ವಗ ಹುಳಿ ಆಗ್ತಿದ್ದಿಲ್ಲ. ಎದಿ ಉರೀತಿತ್ತು."

"ನಮ್ಮವ್ವನ ರುಚಿ ನೀ ನನಗ ಹೇಳಾಕತ್ತೀಯೇನು?"

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ನಾಗರತ್ನಾಳ ಮಗಳು ಶಿವಲೀಲಾ ಸುಮ್ಮನಿರಲಾರದೆ ತಿರುಗಿದಳು. "ಖರೇ ಅದ ಅತ್ತಿ. ನಿಮ್ಮೂರಿಂದ ಬಂದ್ರ ಅಜ್ಜಿ ಎರಡು ದಿನ ಬರೇ ಹಾಲು ಅನ್ನ ಉಣ್ತಿದ್ಲು. ಮತ್ತ್ಯಾಕ ತಿಂದಿ ಅಂದ್ರ, 'ಪ್ರೀತಿಲೆ ಮಾಡಿರ್ತಾಳ, ಒಲ್ಲೆ ಅಂದ್ರ ಮಾರಿ ಸಣ್ಣದು ಮಾಡ್ತಾಳ' ಅಂತಿದ್ಲು."

ಸುನಂದಾ ಡಬ್ಬಿ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತಳು. ನಾಗರತ್ನಾ ಗೆದ್ದವಳಂತೆ ನಗುತ್ತಾಳೆಂದು ನೋಡಿದರೆ, ಅವಳ ಕಣ್ಣಲ್ಲಿ ನೀರಿತ್ತು.

"ನಿಮ್ಮನ್ನ ಕಂಡ್ರ ನನಗ ಸಂಕಟ ಆಗ್ತಿತ್ರಿ ಅಕ್ಕಾರ. ನೀವು ಮಾಡಿದ್ದು ಎದಿ ಉರದ್ರೂ ಉಣ್ತಿದ್ಲು. ನಾ ಮಾಡಿದ್ದಕ್ಕ ಒಂದಿನಾನೂ ಹೆಸರಿಡದ ಬಿಡಲಿಲ್ಲ. 'ಉಪ್ಪಿಲ್ಲ, ಬ್ಯಾಳಿ ಬೆಂದಿಲ್ಲ, ಎತ್ತಗೊಂಡು ಹೋಗು.' ದಿನಾ ಇದ ಹಾಡು."

ಇದನ್ನು ಕೇಳಿ ಸುನಂದಾಳಿಗೆ ಹಾಲು ಕುಡಿದಷ್ಟು ತೃಪ್ತಿಯಾಗಬೇಕಿತ್ತು. ಆಗಲಿಲ್ಲ. ಲಗ್ನಕ್ಕೆ ಮುಂಚೆ ಅವ್ವ ತನಗೂ ಹಾಗೆಯೇ ಬೈಯುತ್ತಿದ್ದಳು. ರೊಟ್ಟಿ ಹೊತ್ತಿದರೆ ಒಲೆಯ ಮುಂದೆಯೇ ಮಂಗಳಾರತಿ ಆಗುತ್ತಿತ್ತು. ಲಗ್ನವಾದ ಮೇಲೆ ಒಂದು ಮಾತೂ ಇಲ್ಲ. ಬೀಗರ ಮನೆಗೆ ಬಂದವಳ ಹಾಗೆ ಕೂತು, ಕೊಟ್ಟದ್ದು ತಿಂದು, ಹೊಗಳಿ ಹೋಗುತ್ತಿದ್ದಳು. ಬೈಗುಳವೆಲ್ಲ ಈ ನಾಗರತ್ನಾಳ ಪಾಲಾಗಿತ್ತು. ಈಗ ಆ ಬೈಗುಳದ ಮೇಲೂ ಸುನಂದಾಳಿಗೆ ಹೊಟ್ಟೆಕಿಚ್ಚಾಯಿತು.

ಅವಳು ಪಲ್ಯವನ್ನು ಎಲೆಗೆ ಬಡಿಸಲಿಲ್ಲ. ಒಂದು ಚಮಚ ತೆಗೆದು ನಾಗರತ್ನಾಳ ಅಂಗೈಗೆ ಹಾಕಿದಳು. "ತಿಂದು ಹೇಳು, ಹೆಂಗ ಅದ?"

"ಚಲೋ ಅದ್ರಿ ಅಕ್ಕಾರ."

"ಹಂಗಲ್ಲ. ಅವ್ವ ನಿನಗ ಹೇಳ್ತಿದ್ಲಲ್ಲ, ಹಂಗ ಹೇಳು."

ನಾಗರತ್ನಾ ಫೋಟೋದ ಕಡೆಗೊಮ್ಮೆ ನೋಡಿದಳು. ಆಮೇಲೆ ತುಟಿ ಸೊಟ್ಟ ಮಾಡಿ, "ಇಷ್ಟು ಹುಳಿ ಯಾರು ಉಣಬೇಕಬೇ? ಎತ್ತಗೊಂಡು ಹೋಗು!" ಎಂದಳು. ಥೇಟ್ ಅವ್ವನದೇ ಧಾಟಿ.

ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಳು ನಿಲ್ಲಲಿಲ್ಲ.

"ಇನ್ನೊಂದು ಸಲ ಅನ್ನು" ಎಂದಳು.