ಗಾಳಿ ಕಾಣದ ಗುಂಡಿ

ತಾನು ಹಿಡಿದ ಕೆಲಸ ಕೆಟ್ಟೀತು ಎಂಬ ಯೋಚನೆ ಪುಟ್ಟಮಾದಮ್ಮನ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಲೊಕ್ಕನಹಳ್ಳಿಯಲ್ಲಿ ಕೆಲವರು ಇದನ್ನು ಧೈರ್ಯ ಅನ್ನುತ್ತಿದ್ದರು, ಮಿಕ್ಕವರು ಕೊಬ್ಬು ಅನ್ನುತ್ತಿದ್ದರು. ಅವಳು ಎರಡಕ್ಕೂ ಸೊಪ್ಪು ಹಾಕಿದವಳಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ ಆನೆಗಳು ಹಿತ್ತಿಲಿಗೇ ಬಂದು ಜೋಳದ ಕಡ್ಡಿಯ ಮೆದೆಯನ್ನು ಎಳೆದಾಡಿ ತಿಂದು ಹೋದವು. ಆ ಬೇಸಿಗೆ ಮೇವಿಲ್ಲದೆ ಎರಡು ಹಸು ಸತ್ತವು, ಮೂರು ಉಳಿದವು. ಮರುವರ್ಷ ಹನೂರಿನಿಂದ ಬಂದ ಗ್ರಾಮಸೇವಕ ಷಡಕ್ಷರಿ, ಜೋಳವನ್ನು ಕಾಳು ಹಾಲು ತುಂಬಿರುವಾಗಲೇ ಕೊಯ್ದು ಗುಂಡಿಯಲ್ಲಿ ಹೂತಿಡಿ, ಆನೆ ಸೊಂಡಿಲಿಗೆ ಸಿಗುವುದಿಲ್ಲ ಅಂದ. ಊರೆಲ್ಲ ನಕ್ಕಿತು. ಪುಟ್ಟಮಾದಮ್ಮ ಹೂಂ ಅಂದಳು.

"ಕೊಳ್ತೋದ್ರೆ ಮೂರನ್ನೂವೆ ಸಂತೆಗೆ ಒಡ್ಕಂಡು ಓಯ್ತೀನಿ. ಕಣ್ಣೆದುರ್ಗೆ ಸಾಯೋದ ಇನ್ನೊಂದ್ ದಪ ನಾ ನೋಡಕಿಲ್ಲ ಕಣಮ್ಮಿ," ಅಂದ ಗಂಡ ಶಿವನಂಜಯ್ಯ.

"ಓಗಿವ್ರಂತೆ. ಮೊದ್ಲು ಗುಂಡಿ ತೋಡಿ," ಅಂದಳು.

ಆಳೆತ್ತರದ ಗುಂಡಿಗೆ ಹಸಿಜೋಳ ಕೊಚ್ಚಿ ತುಂಬಿ, ಎತ್ತು ಬಿಟ್ಟು ತುಳಿಸಿದರು. ಷಡಕ್ಷರಿ ಪಂಚೆ ಎತ್ತಿ ಕಟ್ಟಿಕೊಂಡು ತಾನೂ ತುಳಿಯುತ್ತಲೇ ಪಾಠ ಹೇಳಿದ: "ಈ ಸೊಪ್ಪಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳಿವೆ ಅಮ್ಮ. ಗಾಳಿ ಸಿಕ್ಕಿದರೆ ಮೇವಿನ ಸಿಹಿಯೆಲ್ಲ ತಿಂದು ಕಾವೇರಿಸಿ ಕೊಳೆಸಿಬಿಡ್ತವೆ. ಗಾಳಿ ನಿಂತರೆ ಅವುಗಳಲ್ಲೇ ಕೆಲವು ತಮ್ಮ ಕಸುಬು ಬದಲಾಯಿಸ್ತವೆ. ಎರಡು ಕಸುಬಿನ ಬರಹವೂ ಹುಟ್ಟಿನಿಂದಲೇ ಅವುಗಳೊಳಗೆ ಇರುತ್ತೆ. ಯಾವುದನ್ನು ತೆಗೆದು ಓದಬೇಕು ಅನ್ನೋದು ಗಾಳಿ ಇದೆಯೋ ಇಲ್ಲವೋ ಅನ್ನೋದರ ಮೇಲೆ. ಗಾಳಿ ಇಲ್ಲದಾಗ ಸಿಹಿಯನ್ನ ಹುಳಿ ಮಾಡ್ತವೆ. ಆ ಹುಳಿಯಲ್ಲಿ ಕೊಳೆಸೋ ಜೀವಿ ಬದುಕೋದಿಲ್ಲ."

"ಅಂಬ್ಲಿ ಉಳಿ ಬಂದಂಗೆ ಅನ್ನಿ ಸಾ," ಅಂದಳು. ಅವಳಿಗೆ ಅಷ್ಟು ಸಾಕಾಯಿತು.

ಒಪ್ಪದೆ ನಿಂತವನು ಬಾವ ಚಿಕ್ಕಸಿದ್ದಯ್ಯ, ಶಿವನಂಜಯ್ಯನ ಅಣ್ಣ. ರಾಗಿ ತುಂಬಿಡುವ ನೆಲದೊಳಗಿನ ಹಗೇವುಗಳನ್ನು ತೆಗೆಯುವುದರಲ್ಲಿ ಊರಿಗೆಲ್ಲ ಅವನದೇ ಕೈ. ಬಾಯಿ ತೆಗೆದು, ಒಳಗೆ ಕಟ್ಟಿದ ಉಸಿರುಗಟ್ಟಿಸುವ ಕಾವು ಹೋಗಲು ಒಂದು ದಿನ ಬಿಟ್ಟು, ದೀಪ ಇಳಿಸಿ ಅದು ಆರದೆ ಉರಿಯುವುದನ್ನು ನೋಡದೆ ಅವನು ಕಾಲಿಡುತ್ತಿರಲಿಲ್ಲ. ಅವನ ಅಪ್ಪ ಹಾಗೆ ನೋಡದೆ ಇಳಿದು, ಹೆಣವಾಗಿ ಮೇಲೆ ಬಂದಿದ್ದ. "ಉಸ್ರಿಲ್ದ ಗುಂಡಿ ಒಳ್ಳೇದಲ್ಲ ಕಣವ್ವ," ಅಂದ ಅವನು.

"ಉಸ್ರಿಲ್ದಿದ್ರೇಯ ಬಾವ ಅದು ನೆಟ್ಟಗಾಗದು," ಎಂದು ಪುಟ್ಟಮಾದಮ್ಮ ನಗುತ್ತ ಗುಂಡಿಯ ಮೇಲೆ ಮಣ್ಣು ಹೇರಿಸಿ, ಸಗಣಿ ಸಾರಿಸಿದಳು.

ಶಿವರಾತ್ರಿ ಕಳೆದ ಮೂರನೇ ದಿನ ಗುಂಡಿ ತೆಗೆಯುವುದೆಂದಾಯಿತು. ಷಡಕ್ಷರಿ ಬಂದ, ಊರೂ ಬಂತು. ಮೂಲೆಯ ಮಣ್ಣು ಸರಿಸಿದ್ದೇ ತಡ, ಗಬ್ಬುನಾತ ಮೂಗಿಗೆ ಹೊಡೆಯಿತು. ಮೇವು ಕಪ್ಪಗೆ ಲೋಳೆಯಾಗಿ, ಮೇಲೆ ಬಿಳಿ ಬೂಸಲು ಕಟ್ಟಿತ್ತು.

"ಗೊಬ್ರ ಚೆನ್ನಾಗಿ ಆಗದೆ ಕಣವ್ವ, ಒಲಕ್ಕೆ ಒಡ್ಸು!" ಅಂದ ಯಾರೋ. ಶಿವನಂಜಯ್ಯ ಕೊಟ್ಟಿಗೆಗೆ ಹೋಗಿ ಹಸುಗಳ ಹಗ್ಗ ಬಿಚ್ಚತೊಡಗಿದ.

ಪುಟ್ಟಮಾದಮ್ಮ ಸೆರಗು ಬಿಗಿದು ಮೂಲೆಯ ತಗ್ಗಿಗಿಳಿದು ಬಗ್ಗಿ, ಕೊಳೆತದ್ದನ್ನು ಕೈಯಲ್ಲೇ ಬಾಚಿ ಎಸೆದಳು. ನಾತದ ನಡುವೆ ಒಂದು ತೂತು ಕಂಡಿತು. ಹಾರೆಯಷ್ಟೇ ದಪ್ಪ, ನೆಟ್ಟಗೆ ಕೆಳಕ್ಕಿಳಿದಿತ್ತು. ಕೊಳೆತದ್ದೆಲ್ಲ ಅದರ ಸುತ್ತಲೇ. ಒಂದು ಮೊಳ ಆಚೆಗೆ ಕುಡುಗೋಲು ಹಾಕಿ ಎಳೆದರೆ ಹಳದಿಹಸಿರು ಮೇವು ಬಂತು. ಮೂಸಿದಳು. ಬೆಲ್ಲ ಹಾಕಿದ ಹುಳಿ ಅಂಬಲಿಯ ವಾಸನೆ.

"ಬಿಚ್ಚಿದ್ದು ಒಳ್ಳೇದಾಯ್ತು, ಕೆಂದೀನ ಇತ್ಲಾಗೆ ಒಡ್ಕಂಡ್ ಬನ್ನಿ!" ಎಂದು ಗಂಡನನ್ನು ಕೂಗಿದಳು.

ಕೆಂದಿ ಹಸು ಮೂಸಿತು, ತಲೆ ಕೊಡವಿತು, ಮತ್ತೆ ಮೂಸಿತು. ಆಮೇಲೆ ಬಾಯಿ ಹಾಕಿದ್ದು ಮಂಕರಿ ಬರಿದಾಗುವ ತನಕ ಎತ್ತಲಿಲ್ಲ. ಶಿವನಂಜಯ್ಯ ಕೈಯಲ್ಲಿದ್ದ ಹಗ್ಗ ಕೆಳಗೆ ಬಿಟ್ಟು, ಎಲ್ಲರೆದುರಿಗೇ ಕಣ್ಣೊರೆಸಿಕೊಂಡ.

"ಇನ್ನು ಏಳಿ, ಆರೆ ಆಕಿದ್ ಯಾರು?" ಪುಟ್ಟಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಸಿಕ್ಕವನ ಜಾತಕ ಬಿಚ್ಚಲು ನಾಲಿಗೆ ತುದಿಯಲ್ಲಿ ಎಲ್ಲ ತಯಾರಿತ್ತು.

ಗುಂಪಿನ ಹಿಂದಿನಿಂದ ಚಿಕ್ಕಸಿದ್ದಯ್ಯ ಮುಂದೆ ಬಂದ. "ನಾನೇ ಕಣವ್ವ. ಹದಿನೈದು ದಿನ ಆಯ್ತು. ಕಾವು ಓಗ್ಲಿ ಅಂತ ಆಕ್ದೆ. ನೀ ಯಾರ ಮಾತೂ ಕೇಳಕಿಲ್ಲ, ಮೊದ್ಲು ಇಳ್ಯೋಳು ನೀನೇಯ. ನಮ್ಮಪ್ಪನೂ ಇಂಗೇ ನಗ್ತಾ ಇಳ್ದಿದ್ದ."

ಪುಟ್ಟಮಾದಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಇಷ್ಟು ದಿನ ತನ್ನ ಗುಂಡಿಯ ಬಗ್ಗೆ ಹೆದರಿದವರನ್ನೇ ಕಂಡಿದ್ದಳು. ತನಗಾಗಿ ಹೆದರಿದವನನ್ನು ಕಂಡಿರಲಿಲ್ಲ.

"ಅವರ ಹೆದರಿಕೆ ಸುಳ್ಳಲ್ಲಮ್ಮ," ಅಂದ ಷಡಕ್ಷರಿ ಮೆಲ್ಲಗೆ. "ಗುಂಡಿಯ ತಳದಲ್ಲಿ ಕೆಟ್ಟ ಗಾಳಿ ನಿಲ್ಲೋದುಂಟು. ನಾನೇ ಹೇಳಬೇಕಿತ್ತು."

ಅವಳು ಗುಂಡಿಯಿಂದ ಮೇಲೆ ಹತ್ತಿ ಬಂದಳು. "ದೀಪ ತಕಂಡು ಬನ್ನಿ ಬಾವ," ಅಂದಳು.

ನಡುಮಧ್ಯಾಹ್ನದ ಬಿಸಿಲಲ್ಲಿ ಚಿಕ್ಕಸಿದ್ದಯ್ಯ ಲಾಟೀನು ಹಚ್ಚಿ, ಹಗ್ಗ ಕಟ್ಟಿ ಗುಂಡಿಗೆ ಇಳಿಬಿಟ್ಟ. ಈ ಸಲ ಊರಲ್ಲಿ ಯಾರೂ ನಗಲಿಲ್ಲ. ದೀಪ ತೂಗಾಡಿತು, ಆಮೇಲೆ ನೆಟ್ಟಗೆ ನಿಂತು ಉರಿಯಿತು.

"ಈಗ ಇಳಿಯವ್ವ," ಅಂದ.

ಅವಳು ಇಳಿದು ಮಂಕರಿ ಮೇಲೆ ಮಂಕರಿ ತುಂಬಿ ಕೊಟ್ಟಳು. ಮೂರು ಹಸುವಿಗೂ ಸಾಕಾಗಿ, ಅವಳು ಮೇಲೆ ಬಂದು ನಿಲ್ಲುವ ತನಕ ಚಿಕ್ಕಸಿದ್ದಯ್ಯ ಕೈಯಲ್ಲಿದ್ದ ದೀಪದ ಹಗ್ಗ ಬಿಡಲಿಲ್ಲ.