ಪಾಪುವಿಗೆ ವಾಂತಿ

ಗರಗರ ತಿರುಗಿಸಿದ ಪರೀಕ್ಷೆಯ ಕುರ್ಚಿ ನಿಂತಿದೆ ಎನ್ನುತ್ತಾರೆ, ನನಗೆ ಮಾತ್ರ ಅದು ಈಗ ಹಿಂದಕ್ಕೆ ತಿರುಗುತ್ತಿದೆ, ಕಣ್ಣಿಗೆ ಕಟ್ಟಿದ ಕಪ್ಪು ಬಟ್ಟೆಯೊಳಗೆ ಕತ್ತಲೆ ಸುತ್ತುತ್ತಿದೆ, ಅದು ಕಿವಿಯೊಳಗಿನ ನೀರು ಹೇಳುವ ಸುಳ್ಳು, ಡಾಕ್ಟರ್ ರಾಜ್ಯಲಕ್ಷ್ಮಿ ಮೊದಲೇ ಹೇಳಿದ್ದರಲ್ಲ, ಹೊಟ್ಟೆ ತೊಳಸುತ್ತಿದೆಯಾ ಪ್ರತೀಕ್ಷಾ, ಹತ್ತಕ್ಕೆ ಎಷ್ಟು, ಸೊನ್ನೆ ಮೇಡಂ, ನಾಚಿಕೆ ಬೇಡಮ್ಮಾ, ಮೀಸೆ ಹೊತ್ತ ನಾವಿಕರೇ ಈ ಕುರ್ಚಿಯಲ್ಲಿ ಬಕೆಟ್ ಕೇಳಿದ್ದಾರೆ, ನಿಜವಾಗಿಯೂ ಸೊನ್ನೆ ಮೇಡಂ — ತಿರುಗುತ್ತಲೇ ತಲೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಅವರು ಹೇಳಿದಂತೆಲ್ಲ ಬಾಗಿಸಿದೆ, ಈಗ ಬರುತ್ತದೆ ಈಗ ಬರುತ್ತದೆ ಎಂದು ಕಾದೆ, ಬರಲಿಲ್ಲ, ಬಂದಿದ್ದರೆ ಸಮುದ್ರ ಸರ್ವೆ ಹಡಗಿನ ಕೆಲಸ ಕೈತಪ್ಪಿ, ಇದೇ ವಿಶಾಖಪಟ್ಟಣದ ದಡದಲ್ಲಿ ಕೂತು ಬೇರೆಯವರು ಅಳೆದು ತಂದ ಆಳಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿರಬೇಕಿತ್ತು. ಕುರ್ಚಿಗೆ ಮೊದಲು ಕೇಳಿದ್ದರು, ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ವಾಂತಿ? ಯಾವಾಗಲೂ ಎಂದಿದ್ದೆ, ಮನೆಯಲ್ಲೆಲ್ಲ ಹಾಗೇ ತಾನೆ ಹೇಳುವುದು, ನಮ್ಮ ಪ್ರತೀಕ್ಷಾಗೆ ಬಸ್ಸು ಆಗಿಬರಲ್ಲ. ಆ ಉತ್ತರಕ್ಕೂ ಈ ಕುರ್ಚಿಗೂ ತಾಳೆಯಾಗುತ್ತಿಲ್ಲವಲ್ಲಮ್ಮಾ, ಸರಿಯಾಗಿ ನೆನೆಸಿಕೋ, ವಾಂತಿ ಆದ ಮೇಲೆ ಬಾಯಿ ಎಷ್ಟು ಕಹಿಯಾಗುತ್ತಿತ್ತು —

ಕಹಿ, ಕಹಿ, ಎಷ್ಟು ತಡಕಿದರೂ ಸಿಗದು, ಸಿಗುವುದು ತುನಿ ದಾಟಿದ ಮೇಲಿನ ಮಾವಿನ ತೋಪು, ವಿಜಯವಾಡದ ಬಸ್ಸು, ದಸರೆಗೆ ಅಲ್ಲಿನ ಪಟಮಟದ ಮನೆಗೆ ಕರೆದೊಯ್ಯಲು ಬಂದ ಪದ್ಮತ್ತೆ, ಅಪ್ಪನ ಅಕ್ಕ, ಪಕ್ಕದಲ್ಲೇ ಕೂತಿದ್ದಾಳೆ, ಅಮ್ಮ ಮುಷ್ಟಿಯ ನಿಂಬೆಹಣ್ಣನ್ನು ತಾನು ಮೂಸಿ ನನ್ನ ಮೂಗಿಗೂ ಹಿಡಿಯುತ್ತಾಳೆ, ಥಟ್ಟನೆ ಎದ್ದು, ಬಾಬೂ, ಪಾಪಕಿ ವಾಂತುಲು, ಬಸ್ಸು ಆಪಂಡಿ, ಪಾಪುವಿಗೆ ವಾಂತಿ, ಬಸ್ಸು ನಿಲ್ಲಿಸಿ ಎಂದು ತೆಲುಗಿನಲ್ಲಿ ಕೂಗಿ, ರಟ್ಟೆ ಹಿಡಿದು ನನ್ನನ್ನು ಇಳಿಸಿಕೊಂಡು ಬಸ್ಸಿನ ಹಿಂದೆ, ಯಾರಿಗೂ ಕಾಣದ ಕಡೆ ಓಡುತ್ತಾಳೆ, ಅಲ್ಲಿ ಬಾಗಿದ ಬೆನ್ನು ನನ್ನದಲ್ಲ, ನಾನು ನೆಟ್ಟಗೆ ನಿಂತಿದ್ದೇನೆ, ನನ್ನ ಕೈಯಲ್ಲಿ ನಿಂಬೆಹಣ್ಣು, ಸಿಪ್ಪೆಯ ಮೇಲೆ ಅಮ್ಮನ ನಾಲ್ಕು ಉಗುರಿನ ಗುರುತು, ಬಸ್ಸು ಹತ್ತಿದ ಮೇಲೆ ಎಲ್ಲರ ಮುಂದೆ ಅವಳು ಸೆರಗಿನಿಂದ ಒರೆಸುವುದು ನನ್ನ ಒಣ ಬಾಯಿಯನ್ನು. ಅದಕ್ಕೂ ಹಿಂದಿನ ದಸರೆ, ಅಮ್ಮನೇ ವಾಂತಿ ಬಂದು ಕಿಟಕಿಗೆ ಬಾಗಿದ್ದಾಗ ಅತ್ತೆ, ಏನ್ ಲೀಲಾ, ವಿಶೇಷಾನಾ, ಪ್ರತೀಕ್ಷಾಗೆ ತಮ್ಮ ಬರ್ತಾನಾ, ಪಟಮಟದ ಬೀದಿಗೆಲ್ಲ ಸಾರಿದ್ದಳು, ಆಮೇಲೆ ಇಲ್ಲ, ಏನೂ ಇಲ್ಲ ಎಂದು ಮನೆಮನೆಗೂ ಅಮ್ಮನೇ ಹೇಳಬೇಕಾಯಿತು, ತಮ್ಮ ಬರಲೇ ಇಲ್ಲ, ವಾಂತಿ ನನ್ನ ಹೆಸರಿಗೆ ಬಂತು.

ಮೇಡಂ, ಅದು ನಾನಲ್ಲ, ನಮ್ಮಮ್ಮ. ನಗುತ್ತಾರೆ, ಹಾಗಾದರೆ ನೀನು ಹಡಗು ಹತ್ತಮ್ಮಾ, ಅಮ್ಮನನ್ನು ಮಾತ್ರ ಹತ್ತಿಸಬೇಡ, ಕಣ್ಣಿನ ಪಟ್ಟಿ ಕಳಚುತ್ತದೆ, ಬೆಳಕು, ಕಿಟಕಿಯಾಚೆ ಬಂದರಿನ ಕ್ರೇನು ಅಲುಗದೆ ನಿಂತಿದೆ, ನನ್ನ ಹೊಟ್ಟೆಯೂ, ಇಷ್ಟು ವರ್ಷ ಯಾರದೋ ಚೀಲ ಹೊತ್ತು ಈಗ ಇಳಿಸಿದ ಹಾಗೆ ಹೆಗಲು ಹಗುರ, ಮೊಬೈಲಿನಲ್ಲಿ ಅಮ್ಮನ ಮಿಸ್ಡ್ ಕಾಲ್, ಇನ್ನೊಂದು, ನಾನೇ ಮಾಡಿದರೆ, ಆಯ್ತೇನೇ ವಾಂತಿ, ಇಲ್ಲಮ್ಮ, ಒಂಚೂರೂ ಇಲ್ಲ, ಕೆಲಸ ಸಿಕ್ತು, ಅತ್ತಲಿಂದ ಉದ್ದಕ್ಕೆ ಉಸಿರು ಬಿಟ್ಟ ಸದ್ದು, ನಂಗೊತ್ತಿತ್ತು ಕಣೇ, ನಿಂಗೆ ಯಾವತ್ತೂ ಆಗಲ್ಲ, ಆದರೂ ಬ್ಯಾಗಿನ ಮೂಲೇಲಿ ಒಂದು ಇಟ್ಟಿದೀನಿ ನೋಡು — ಕೈ ಹಾಕುತ್ತೇನೆ, ತಣ್ಣಗೆ, ದುಂಡಗೆ, ನಿಂಬೆಹಣ್ಣು, ಹೆಬ್ಬೆರಳು ಸಿಪ್ಪೆಯ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ, ಅಮ್ಮನ ನಾಲ್ಕು ಉಗುರು, ಇವತ್ತಿನವು, ಇನ್ನೂ ಹಸಿ, ನಾಲ್ಕು ಉಗುರು