ಬೆನ್ನ ಹಿಂದೆ ಎರಡು ಪೆಟ್ಟಿಗೆ

ಆ ಬೀದಿಯಲ್ಲಿ ಇಬ್ಬರು ಟೈಲರಮ್ಮಂದಿರಿದ್ದರು. ಅಕ್ಕ ದೊಡ್ಡ ಟೈಲರಮ್ಮ, ತಂಗಿ ಚಿಕ್ಕ ಟೈಲರಮ್ಮ. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು, ತಂಗಿಗೆ ಅರವತ್ಮೂರು ತುಂಬಿತ್ತು. ಆದರೂ ಬಟ್ಟೆ ತಂದವರು ಬಾಗಿಲಲ್ಲಿ ನಿಂತು “ಚಿಕ್ಕ ಟೈಲರಮ್ಮಾ” ಎಂದೇ ಕೂಗುತ್ತಿದ್ದರು. ಅವಳು ಯಾರನ್ನೂ ತಿದ್ದಲಿಲ್ಲ. ಆ ಹೆಸರಿನಲ್ಲಿ ಅಕ್ಕ ಇನ್ನೂ ಅರ್ಧ ಉಳಿದಿದ್ದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಚಿಕ್ಕ, ಇಕ್ಕಟ್ಟಾದ ಕೋಣೆ. ಬೀದಿಗೆ ಒಂದೇ ಕಿಟಕಿ. ಕಾಲರ್, ಗುಂಡಿಮನೆಗಳ ಕೆಲಸಕ್ಕೆ ಬೆಳಕು ಬೇಕೆಂದು ತಂಗಿಯ ಮಿಷನ್ ಕಿಟಕಿಯ ಬಳಿ. ಅಳತೆ, ಕತ್ತರಿಸುವ ಕೆಲಸ ಅಕ್ಕನದು. ಅವಳ ಮೇಜು, ಮಿಷನ್ ಎರಡೂ ಹಿಂದಿನ ಗೋಡೆಗೆ. ಮೂವತ್ತೊಂದು ವರ್ಷ ತಂಗಿ ಅಕ್ಕನಿಗೆ ಬೆನ್ನು ಮಾಡಿಯೇ ಕುಳಿತಳು. ಊಟದ ಹೊತ್ತಿನಲ್ಲಷ್ಟೇ ಅಕ್ಕ ಮುಖವಾಗಿದ್ದಳು, ಉಳಿದ ಹೊತ್ತೆಲ್ಲ ಧ್ವನಿ. ಇದ್ದದ್ದು ಒಂದೇ ಒಳ್ಳೆಯ ಕತ್ತರಿ. ತಂಗಿ ತಿರುಗದೆ ಕೈಯನ್ನು ಹಿಂದಕ್ಕೆ ಚಾಚಿದರೆ ಸಾಕು, ಅಂಗೈಮೇಲೆ ಕತ್ತರಿಯ ಹಿಡಿ ಬಂದು ಕೂರುತ್ತಿತ್ತು.

ಅಕ್ಕ ಮಾತಾಡುವ ಮುಂಚೆ ಪ್ರತಿ ಸಲವೂ ಎರಡು ಕೆಮ್ಮು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಒಂದು ಗಿಡ್ಡ, ಒಂದು ಉದ್ದ.

“ಬಾಯಿ ತೆಗೆಯೋಕೆ ಮುಂಚೆ ಗಂಟೆ ಹೊಡೀಬೇಕೇನೆ ನಿಂಗೆ?” ಎಂದು ತಂಗಿ ರೇಗಿಸಿದರೆ, “ನೀನು ಬೆಚ್ಚಿಬಿದ್ದು ಬೆರಳನ್ನ ಕಾಲರಿಗೆ ಸೇರಿಸಿ ಹೊಲಿದುಬಿಟ್ರೆ? ಗಿರಾಕಿಗೆ ಏನು ಹೇಳ್ಲಿ?” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ತೋಳಿಗೆ ಪಟ್ಟಿ ಕೂರಿಸುತ್ತ ಚಿಕ್ಕ ಟೈಲರಮ್ಮ ಈ ಮಾತನ್ನೇ ನೆನೆದಳು. ಮಾತು ಬಂತು, ಧ್ವನಿ ಬರಲಿಲ್ಲ. ಮತ್ತೆ ನೆನೆದಳು. ಅದೇ ಮಾತು ತನ್ನದೇ ಧ್ವನಿಯಲ್ಲಿ ಕೇಳಿಸಿತು. ಮಿಷನ್ ನಿಲ್ಲಿಸಿ ಕೈ ಮುಗಿದಳು. ‘ದೇವರೇ, ಅಕ್ಕನನ್ನು ಕರೆದುಕೊಂಡೆ, ನಿನ್ನ ಇಷ್ಟ. ಅವಳ ಧ್ವನಿಯನ್ನಾದರೂ ನನ್ನ ಹತ್ತಿರ ಬಿಡು.’

ಅಕ್ಕನ ಧ್ವನಿ ಸೇರಿದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಪ್ರಾರ್ಥನಾ ಮಂದಿರದ ಗುಂಪು ಹಾಡಿದ್ದು. ಅದನ್ನು ಚೆನ್ನಾಗಿ ಕೇಳಬೇಕೆಂದೇ ಅಕ್ಕ ಆಸೆಪಟ್ಟು ಸ್ಟೀರಿಯೋ ಕೊಂಡಿದ್ದಳು: ಒಂದು ಕ್ಯಾಸೆಟ್ ಪ್ಲೇಯರ್, ಒಂದು ಆಂಪ್ಲಿಫೈಯರ್, ಕಿಟಕಿಯ ಎರಡು ಪಕ್ಕಕ್ಕೆ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ. ಆದರೆ ಕ್ಯಾಸೆಟ್ಟಿನ ತುಂಬ ನಡುವೆ ನಿಂತ ಮುಖ್ಯ ಗಾಯಕಿಯೇ. ಹಿಂದೆ ದನಿಗೂಡಿಸಿದ ಇಪ್ಪತ್ತು ಜನರನ್ನು ಆಕೆಯ ಕಂಠ ಚಾದರದಂತೆ ಮುಚ್ಚಿಬಿಟ್ಟಿತ್ತು. ಚಿಕ್ಕ ಟೈಲರಮ್ಮ ಪೆಟ್ಟಿಗೆಗೆ ಕಿವಿ ಒತ್ತಿ ಕೇಳಿದಳು. ಅಕ್ಕ ಸಿಗಲಿಲ್ಲ.

ಮರುದಿನ ಬೀದಿಯ ಕೊನೆಯ ರೇಡಿಯೋ ರಿಪೇರಿ ಅಂಗಡಿಗೆ ಹೋದಳು. ಅಲ್ಲಿನ ಮುದುಕನನ್ನು ಎಲ್ಲರೂ ಗುಂಯ್ ಮಾಮ ಎನ್ನುತ್ತಿದ್ದರು. ಯಾವ ಯಂತ್ರ ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು “ಗುಂಯ್ ಅಂತಿದೆ” ಎನ್ನುವುದು ಅವನ ಅಭ್ಯಾಸ.

“ಏನಮ್ಮ ತಂಗಿ, ಏನು ಕೆಟ್ಟಿದೆ?”

“ಏನೂ ಕೆಟ್ಟಿಲ್ಲಣ್ಣ.”

“ಮತ್ತೆ ನನ್ ಹತ್ರ ಯಾಕೆ ಬಂದೆ, ಕೆಡಿಸೋಕಾ?”

“ಅಕ್ಕನ ಧ್ವನಿ ಮರೆತುಹೋಗ್ತಾ ಇದೆ.”

ಗುಂಯ್ ಮಾಮ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. ಕ್ಯಾಸೆಟ್ಟಿನ ಸಂಗತಿಯೆಲ್ಲ ಕೇಳಿಕೊಂಡ. “ಹಾಡುವಾಗ ಅಕ್ಕ ಎಲ್ಲಿ ನಿಂತಿದ್ರು?”

“ಎಡಗಡೆ ಕೊನೇಲಿ. ಕೆಮ್ಮು ಬಂದ್ರೆ ಹೊರಗೆ ಓಡೋಕೆ ಸುಲಭ ಅಂತ.”

“ಮೈಕು?”

“ಎರಡಿತ್ತು. ಎಡಕ್ಕೊಂದು, ಬಲಕ್ಕೊಂದು.”

“ಹಾಗಾದ್ರೆ ಒಂದು ಹಳೇ ಉಪಾಯ ಇದೆ. ಈಗ ಸುತ್ತಲೂ ಐದಾರು ಪೆಟ್ಟಿಗೆ ಇಡೋ ದುಬಾರಿ ಸೆಟ್ಟು ಬಂದಿದೆ, ಅದು ನಿಂಗೆ ಬೇಡ. ನಿನ್ನ ಸ್ಟೀರಿಯೋ ಹಾಗೇ ಇರ್ಲಿ. ಬೆನ್ನ ಹಿಂದೆ ಎರಡು ಚಿಕ್ಕ ಪೆಟ್ಟಿಗೆ ಇಡು, ಒಂದರಿಂದ ಇನ್ನೊಂದಕ್ಕೆ ವಯರು ಹಾಯಿಸು. ಉಳಿಯೋ ಎರಡು ತುದೀನ ಆಂಪ್ಲಿಫೈಯರಿನ ಎಡಗಡೆ ಕೆಂಪು ತಿರುಪಿಗೊಂದು, ಬಲಗಡೆ ಕೆಂಪು ತಿರುಪಿಗೊಂದು ಕೊಡು. ಕಪ್ಪು ತಿರುಪನ್ನ ಮುಟ್ಟಲೇಬೇಡ. ಆಗ ಎರಡೂ ಕಡೆ ಸಮ ಇರೋದೆಲ್ಲ ಕಳೆದುಹೋಗುತ್ತೆ, ಬೇರೆ ಬೇರೆ ಇರೋದು ಮಾತ್ರ ಹಿಂದೆ ಕೇಳುತ್ತೆ. ನಡುವೆ ನಿಂತ ಆಯಮ್ಮ ಹೊರಟುಹೋಗ್ತಾಳೆ. ಅಂಚಿನಲ್ಲಿದ್ದವರು ಉಳೀತಾರೆ.”

“ಅಕ್ಕ ಉಳೀತಾಳಾ?”

“ಮಾತು ಕೊಡಲ್ಲ. ನೋಡೋಣ.”

ರಟ್ಟಿನ ಮೇಲೆ ಚಿತ್ರ ಬರೆದುಕೊಟ್ಟ. ಗುಜರಿಗೆ ಹೋದ ಬಸ್ಸೊಂದರಿಂದ ಬಿಚ್ಚಿಟ್ಟಿದ್ದ ಎರಡು ಚಿಕ್ಕ ಸ್ಪೀಕರ್ ಪೆಟ್ಟಿಗೆಗಳ ಧೂಳು ಒರೆಸಿಕೊಟ್ಟ. ದುಡ್ಡು ಬೇಡವೆಂದು ತನ್ನ ಸವೆದ ಅಂಗಿಯೊಂದನ್ನು ಅವಳ ಕೈಗಿಟ್ಟು, “ಇದರ ಕಾಲರ್ ಬಿಚ್ಚಿ, ತಿರುಗಿಸಿ ಹೊಲಿದುಕೊಡು” ಎಂದ.

ಪೆಟ್ಟಿಗೆಗಳ ಮುಂಬಟ್ಟೆ ಹರಿದಿತ್ತು. ಚಿಕ್ಕ ಟೈಲರಮ್ಮ ತೆಳು ಹತ್ತಿಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಹೊಲಿದಳು. ಅಕ್ಕನ ಮಿಷನ್ನಿನ ಎಡಬಲಕ್ಕೆ ಇಟ್ಟಳು. ಆಂಪ್ಲಿಫೈಯರಿನ ಹಿಂದೆ ಬಗ್ಗಿ ವಯರು ಸೇರಿಸಿದಳು. ರಟ್ಟನ್ನು ಒಮ್ಮೆ ನೋಡಿದ್ದಷ್ಟೇ. ಆಮೇಲೆ ಕೆಲಸ ಕೈಗೇ ಗೊತ್ತಿತ್ತು.

ಕ್ಯಾಸೆಟ್ ಹಾಕಿ ತನ್ನ ಜಾಗದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಬೆನ್ನ ಹಿಂದೆ ಅದೇ ಗಾಯಕಿ ದೊಡ್ಡದಾಗಿ ಹಾಡತೊಡಗಿದಳು. ಅಕ್ಕನ ಕುರ್ಚಿಯಲ್ಲಿ ಯಾರೋ ಪರಕೀಯರು ಬಂದು ಕೂತಂತಾಯಿತು. ಎದ್ದು ಆರಿಸಿಬಿಟ್ಟಳು. ಮೊದಲು ಬೆನ್ನ ಹಿಂದೆ ಬರೀ ಖಾಲಿಯಿತ್ತು, ಈಗ ಆ ಖಾಲಿಗೂ ಮೈಲಿಗೆಯಾದಂತಿತ್ತು. ಎರಡು ದಿನ ಅತ್ತ ಸುಳಿಯಲಿಲ್ಲ. ಮೂರನೆಯ ದಿನ ತಿರುಗಿಸಿದ ಕಾಲರಿನ ಅಂಗಿ ಹಿಡಿದು ಹೋಗಿ, “ತಗೋ ಅಣ್ಣ. ನಿನ್ನ ಪೆಟ್ಟಿಗೇನೂ ವಾಪಸ್ ತಗೊಂಡು ಹೋಗು. ಅಕ್ಕ ಬರ್ಲಿಲ್ಲ” ಎಂದಳು.

ಗುಂಯ್ ಮಾಮ ಅಂಗಿಯ ಕಾಲರನ್ನು ಬೆರಳಿನಿಂದ ಸವರಿ ತಲೆದೂಗಿ, ಟಾರ್ಚ್ ಎತ್ತಿಕೊಂಡು ಅವಳ ಜೊತೆ ಬಂದ. ಆಂಪ್ಲಿಫೈಯರಿನ ಹಿಂದೆ ಬೆಳಕು ಬಿಟ್ಟು ನಗತೊಡಗಿದ.

“ಏನಮ್ಮ ಇದು? ಎಡಕ್ಕೆ ಕೆಂಪಿಗೆ ಕೊಟ್ಟಿದ್ದೀಯ, ಬಲಕ್ಕೆ ಕಪ್ಪಿಗೆ!”

“ಎದುರುಬದುರು ಬರಬೇಕಲ್ವಾಣ್ಣ? ಎರಡು ತೋಳೂ ಒಂದೇ ಥರ ಕತ್ತರಿಸಿದ್ರೆ ಎರಡೂ ಎಡಗೈಗೇ ಆಗಿಬಿಡುತ್ತೆ.”

“ಅಯ್ಯೋ ತಾಯಿ, ಇದಕ್ಕೆ ಕೈಯೇ ಇಲ್ಲ!”

ಅವಳಿಗೂ ನಗು ಬಂತು. ಹದಿನಾಲ್ಕು ತಿಂಗಳಲ್ಲಿ ಆ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅವನು ವಯರನ್ನು ಕೆಂಪಿಗೆ ಬದಲಿಸಿದ. ಮುಂದಿನ ದೊಡ್ಡ ಪೆಟ್ಟಿಗೆಗಳ ಸದ್ದು ತಗ್ಗಲೆಂದು ಅವುಗಳ ಮೇಲೆ ಒಂದೊಂದು ಕಂಬಳಿ ಹೊದಿಸಲು ಹೇಳಿದ. ಅಕ್ಕನ ಕುರ್ಚಿಯಲ್ಲಿ ಕೂರಲು ಹೋದವನು ಏನನ್ನೋ ನೆನೆದು ಬಾಗಿಲ ಬಳಿ ಹೋಗಿ ನಿಂತ.

ಕ್ಯಾಸೆಟ್ ತಿರುಗಿತು. ಕಂಬಳಿಯೊಳಗಿಂದ ಗಾಯಕಿ ಎಂದಿನಂತೆ ಶುರುಮಾಡಿದಳು. ಬೆನ್ನ ಹಿಂದೆ ಮಾತ್ರ ಆಕೆ ಹೆಚ್ಚುಕಡಿಮೆ ಇರಲೇ ಇಲ್ಲ. ಪಕ್ಕದ ಮನೆಯಿಂದ ಹಾಡಿದಷ್ಟು ತೆಳುವಾಗಿದ್ದಳು. ಆಕೆ ಸರಿದ ಜಾಗದಲ್ಲಿ ಮಂದಿರದ ಗಾಳಿ ಇತ್ತು. ಬೆಂಚು ಕಿರ್ರೆಂದಿತು. ಯಾರೋ ಹಾಳೆ ಮಗುಚಿದರು. ಎಡಬಲದಿಂದ ದನಿಗಳು ಎದ್ದವು. ಆದರೆ ದಾರದ ಗಂಟಿನಂತೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಇದಾ? ಅದಾ? ಚಿಕ್ಕ ಟೈಲರಮ್ಮ ಬಟ್ಟೆಯ ಅಂಚನ್ನು ಹಿಡಿದು ಕುಳಿತಳು. ಮೊದಲ ಚರಣ ಮುಗಿದೇಹೋಯಿತು.

ಚರಣ ಮುಗಿದ ಮೌನದಲ್ಲಿ, ಎಡಗಡೆ, ಯಾರೋ ಗಂಟಲು ಸರಿಮಾಡಿಕೊಂಡರು. ಒಂದು ಗಿಡ್ಡ, ಒಂದು ಉದ್ದ.

ಅದರ ಹಿಂದೆಯೇ ಒಂದು ತಗ್ಗಿದ ದನಿ, ಎಲ್ಲರಿಗಿಂತ ಅರೆಗಳಿಗೆ ತಡವಾಗಿ, ಹಾಡನ್ನು ಹಿಡಿಯಿತು. ಇನ್ನು ಗಂಟು ಬಿಡಿಸಬೇಕಾಗಿರಲಿಲ್ಲ. ಆ ಒಂದು ಎಳೆಯೇ ಉಳಿದು, ಮಿಕ್ಕವರೆಲ್ಲ ಹಿಂದೆ ಸರಿದರು.

“ಒಂದ್ ಲೋಟ ನೀರು ಕುಡಿಯೇ” ಎಂದಳು ಚಿಕ್ಕ ಟೈಲರಮ್ಮ, ತಿರುಗದೆ.

ಗುಂಯ್ ಮಾಮ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋದ.

ಅವಳು ಮಿಷನ್ ತುಳಿಯತೊಡಗಿದಳು. ಅರ್ಧಕ್ಕೆ ನಿಂತಿದ್ದ ತೋಳುಪಟ್ಟಿ ಮುಗಿಯಿತು, ದಾರ ಕತ್ತರಿಸಬೇಕಿತ್ತು. ಕೈ ತನ್ನಷ್ಟಕ್ಕೆ ಹಿಂದಕ್ಕೆ ಚಾಚಿತು. ಅಂಗೈ ಖಾಲಿಯಾಗಿಯೇ ಇತ್ತು. ಅದು ಅವಳಿಗೆ ಗೊತ್ತಿತ್ತು. ಆದರೂ ಚರಣ ಮುಗಿಯುವವರೆಗೆ ಕೈ ಹಾಗೆಯೇ ಇರಲಿ ಎಂದು ಬಿಟ್ಟಳು. ಆಮೇಲೆ ಎದ್ದು, ಅಕ್ಕನ ಮೇಜಿನ ಹತ್ತಿರ ಹೋಗಿ, ಎರಡು ಪೆಟ್ಟಿಗೆಗಳ ನಡುವಿನಿಂದ ಕತ್ತರಿಯನ್ನು ತಾನೇ ತೆಗೆದುಕೊಂಡಳು.